ಇಪ್ಪತ್ತು ಗುಂಟೆ ಜೋಳ, ಒಂದು ಖುರ್ಚಿ ಪಾಯಖಾನೆ

ಬನ್ನಿಹಾಳದ ಗೊಲ್ಲಾಳಮ್ಮನ ಬಾಯಿಗೆ ಇಡೀ ಊರು ಹೆದರುತ್ತಿತ್ತು ಎಂದು ಹೇಳುವವರಿದ್ದಾರೆ. ಅವರಿಗೆ ಗೊತ್ತಿಲ್ಲ. ಊರು ಹೆದರುತ್ತಿದ್ದದ್ದು ಆಕೆ ಬಾಯಿ ಮುಚ್ಚಿಕೊಂಡ ದಿನ. ಬೈಯುವಾಗ ಗೊಲ್ಲಾಳಮ್ಮ ಬೈಯುತ್ತಲೇ ರೊಟ್ಟಿ ಬಡಿದು, ಪುಂಡಿಪಲ್ಯ ಕುದಿಸಿ, ಬೈಸಿಕೊಂಡವರ ಮುಂದೆಯೇ ಗಂಗಾಳ ಇಟ್ಟು ಹೊಟ್ಟೆ ತುಂಬ ಉಣ್ಣಿಸುತ್ತಿದ್ದಳು. ಸುಮ್ಮನಾದಳೆಂದರೆ ಮಾತ್ರ ಗಂಡ ನೀಲಕಂಠ ಗೂಟದ ಮೇಲಿನ ಅಂಗಿ ಎಳೆದುಕೊಂಡು ಶಹಾಪುರದ ಬಸ್ಸು ಹಿಡಿಯುತ್ತಿದ್ದ. ಯಾವ ಕೆಲಸಕ್ಕೆ ಹೊರಟಿದ್ದೇನೆ ಎಂಬುದು ಅವನಿಗೂ ಗೊತ್ತಿರುತ್ತಿರಲಿಲ್ಲ.

ಇದು ಮೊಬೈಲು ಬರುವ ಮುಂಚಿನ ಮಾತು. ಕಾಲುವೆ ಬಂದು ಆಗ ಹನ್ನೊಂದು ವರ್ಷ. ಮೊದಲ ವರ್ಷ ಜನ ಬುತ್ತಿ ಕಟ್ಟಿಕೊಂಡು ಕಾಲುವೆ ನೋಡಲು ಹೋದರು, ಎರಡನೆಯ ವರ್ಷ ಅದರಲ್ಲಿ ಎಮ್ಮೆ ತೊಳೆದರು, ಮೂರನೆಯ ವರ್ಷದಿಂದ ಇದ್ದಬದ್ದ ಎರೆ ಹೊಲವನ್ನೆಲ್ಲ ಯಂತ್ರ ತರಿಸಿ ಮಟ್ಟ ಮಾಡಿ ನೆಲ್ಲು ಹಚ್ಚಿದರು. ನೀಲಕಂಠನೂ ಹಚ್ಚಿದ. ಆರೆಕರೆ ನೆಲ್ಲಿನಲ್ಲಿ ಮನೆಗೆ ಪರಸಿ ಕಲ್ಲು ಹಾಸಿದ, ಮಗಳನ್ನು ಯಾದಗಿರಿಯ ಮಾಸ್ತರನಿಗೆ ಕೊಟ್ಟು ಮದುವೆ ಮಾಡಿದ, ಮೊಳದುದ್ದದ ದೊಡ್ಡ ಗಡಿಯಾರವೊಂದನ್ನು ಗೋಡೆಗೆ ತೂಗುಹಾಕಿದ. ಗಡಿಯಾರಕ್ಕೆ ಕೀಲಿ ಕೊಡುವುದನ್ನು ಮಾತ್ರ ಮರೆಯುತ್ತಿದ್ದ. ಅವನ ಮರೆವು ಎಂಥದೆಂದು ಮುಂದೆ ಗೊತ್ತಾಗುತ್ತದೆ.

ಅವನ ಯಂತ್ರಕ್ಕೆ ಸಿಗದೆ ಉಳಿದದ್ದು ಹಿತ್ತಲಿಗೆ ಅಂಟಿಕೊಂಡಿದ್ದ ಇಪ್ಪತ್ತು ಗುಂಟೆ. ನಡುವೆ ಒಂದು ಬನ್ನಿಗಿಡ. ಅಲ್ಲಿ ಗೊಲ್ಲಾಳಮ್ಮ ಪ್ರತಿ ಹಿಂಗಾರಿಗೆ ಬಿಳಿಜೋಳ ಬಿತ್ತಿಸುತ್ತಿದ್ದಳು, ಅಕ್ಕಡಿ ಸಾಲಿಗೆ ಕಡಲೆ, ಅಂಚಿಗೆ ಕುಸುಬೆ. ಯಾಕೆಂದರೆ ಎಳ್ಳ ಅಮಾವಾಸ್ಯೆ. ಅಡಿಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ನಿಂತ ಬೆಳೆಯ ಮೇಲೆ ಎಡೆಯ ತುತ್ತನ್ನು ಚರಗವಾಗಿ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ಬಂಧುಬಳಗವೆಲ್ಲ ಅಲ್ಲೇ ಕುಳಿತು ಉಣ್ಣುವ ಹಬ್ಬ ಅದು. ಕುಳಿತು ಉಣ್ಣಲು ಒಣ ನೆಲ ಬೇಕು. ಊರ ತುಂಬ ನೆಲ್ಲಾದ ಮೇಲೆ ಜನ ಆ ಒಂದು ದಿನಕ್ಕೆ ಟ್ರ್ಯಾಕ್ಟರು ಮಾಡಿಕೊಂಡು, ನೀರು ಹತ್ತದ ಊರುಗಳ ಬೀಗರ ಹೊಲ ಹುಡುಕಿಕೊಂಡು ಹೋಗುತ್ತಿದ್ದರು.

"ನೆಲ್ಲಿನ ಗದ್ಯಾಗ ಕಪ್ಪಿ ಕುಂದ್ರತಾವ, ಬೀಗರು ಹ್ಯಾಂಗ ಕುಂದ್ರತಾರ?" ಎಂದು ಗೊಲ್ಲಾಳಮ್ಮ ಕೇಳುತ್ತಿದ್ದಳು. ಆದ್ದರಿಂದ ಯಾದಗಿರಿಯ ಮಗಳು ಅಳಿಯ, ನೀಲಕಂಠನ ಚಿಕ್ಕಪ್ಪನ ಮಕ್ಕಳಾದ ವಡಗೇರಾದ ಮೈದುನಂದಿರು, ಸೈದಾಪುರದ ಆಕೆಯ ತಮ್ಮ, ನೆರೆಯವರು ಹೊರೆಯವರು ಎಲ್ಲ ಸೇರಿ ಮೂವತ್ತು ಮಂದಿ ಪ್ರತಿ ವರ್ಷ ಆ ಇಪ್ಪತ್ತು ಗುಂಟೆಗೆ ಬಂದು ಕೂರುತ್ತಿದ್ದರು. ಬಂದವರೆಲ್ಲ ಉಂಡು ತೇಗಿ, "ನೆಲ್ಲು ಹಚ್ಚಿದ್ರ ಇದರಾಗ ಹತ್ತು ಚೀಲ ಬರ್ತಿತ್ತು ನೋಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಇಂಥ ಮಾತಾಡುವವರಿಗೆ ಉಣ್ಣಲು ಇಕ್ಕಬೇಕಲ್ಲ, ಅದು ಗೊಲ್ಲಾಳಮ್ಮನ ಹಣೆಬರಹ.

ಆ ವರ್ಷ ನೀಲಕಂಠ ಗಟ್ಟಿ ಮನಸ್ಸು ಮಾಡಿದ. ಜೋಳ ರಾಶಿಯಾದ ಮರುದಿನವೇ ಮಟ್ಟ ಮಾಡುವ ಯಂತ್ರದವನು ಬರುತ್ತಾನೆ, ಮಾತಾಗಿದೆ ಎಂದು ಊಟದ ಹೊತ್ತಿಗೆ ಹೇಳಿದ.

"ನನ್ನ ಹೊಲದಾಗ ಯಂತ್ರ ಇಳಿಸಿದ್ರ ನೋಡ್ರಿ ಮತ್ತ," ಎಂದಳು ಗೊಲ್ಲಾಳಮ್ಮ.

"ನಿನ್ನ ಹೊಲ?" ನೀಲಕಂಠ ನಕ್ಕ. "ಪಹಣಿಯಾಗ ನಿನ್ನ ಹೆಸರು ಎಲ್ಲದ, ತೋರ್ಸು ನೋಡೂಣು."

ಅವನು ನಗೆಗೆಂದು ಅಂದದ್ದು. ಆಕೆಗೆ ನೆಟ್ಟಗೆ ಎದೆಗೆ ಹೋಗಿ ತಾಕಿತು. ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ದುಡಿದಿದ್ದಳು. ಬರುವಾಗ ತಂದ ಒಂದು ಕಬ್ಬಿಣದ ಟ್ರಂಕು ಬಿಟ್ಟರೆ ಅಲ್ಲಿ ತನ್ನದು ಎನ್ನುವಂಥದ್ದು ಯಾವುದೂ ಇಲ್ಲ ಎಂಬುದು ಆಕೆಗೆ ಅವತ್ತೇ ಹೊಳೆದದ್ದು. ಬಾಯಿ ಮುಚ್ಚಿದಳು. ಒಂದು ದಿನ ಆಯಿತು, ಎರಡು ದಿನ ಆಯಿತು. ನೀಲಕಂಠ ಶಹಾಪುರಕ್ಕೆ ಹೋಗಿ ಬಂದ, ಬಾಳೆಹಣ್ಣು ತಂದ, ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಅವನೇ ಸೋತು, "ಅಕ್ಕ ಬರ್ಲಿ. ಅಕ್ಕ ಏನಂತಾಳ ಹಂಗ," ಎಂದ.

ಅಕ್ಕ ಎಂದರೆ ಕೊಡೇಕಲ್‌ನಲ್ಲಿದ್ದ ಭಾಗಮ್ಮ. ನೀಲಕಂಠನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತಾಗ ಎರಡು ವರ್ಷದ ತಮ್ಮನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಆಕೆಯ ಮಾತಿಗೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ. ಹಬ್ಬಕ್ಕೆ ಬಂದಾಗ ಆಕೆಯದೊಂದು ರೂಢಿ. ಕೈಚೀಲವನ್ನು ಹೊಸ್ತಿಲ ಹೊರಗೇ ಇಟ್ಟು, ಹಿತ್ತಲ ಹಾದು ಸೀದಾ ಆ ಇಪ್ಪತ್ತು ಗುಂಟೆಗೆ ಹೋಗಿ ಸ್ವಲ್ಪ ಹೊತ್ತು ಕೂತು, ಆಮೇಲೆ ಮನೆಯೊಳಗೆ ಕಾಲಿಡುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ. ಹೋಗುವಾಗ ಅದೇ ಹೊಲದ ಜೋಳ ಒಂದು ಚೀಲ ಒಯ್ಯುತ್ತಿದ್ದಳು, ತವರಿನ ಜೋಳ ಎಂದು. ಮೊಣಕಾಲು ಹಿಡಿದುಕೊಂಡದ್ದರಿಂದ ಮೂರು ವರ್ಷದಿಂದ ಬಂದಿರಲಿಲ್ಲ. ಹೊಲದಲ್ಲಿ ಹಬ್ಬವೆಂದರೆ ಕೆಳಗೆ ಕೂರಬೇಕು, ಏಳಬೇಕು, ಬೆಳಿಗ್ಗೆ ಬಯಲಿಗೆ ಹೋಗಬೇಕು. "ನಂಗ ಕುಂತ್ರ ಏಳಾಕ ಬರೂದಿಲ್ಲ, ನಿಂತ್ರ ಕುಂದ್ರಾಕ ಬರೂದಿಲ್ಲ" ಎಂದು ಹೇಳಿ ಕಳಿಸುತ್ತಿದ್ದಳು. ಆದರೂ ಗೊಲ್ಲಾಳಮ್ಮ ಮೂರು ವರ್ಷವೂ ಕೊಡೇಕಲ್‌ಗೆ ದೇವರಿಗೆ ಹೋಗುವವರ ಟ್ರ್ಯಾಕ್ಟರಿನಲ್ಲಿ ಆ ಚೀಲ ಕಳಿಸುವುದನ್ನು ತಪ್ಪಿಸಿರಲಿಲ್ಲ.

ತೀರ್ಪು ಕೊಡುವವಳು ಅಕ್ಕ ಎಂದಾದ ಮೇಲೆ ನೀಲಕಂಠನ ತಲೆ ಓಡಿತು. ಅವನ ತಲೆ ಓಡುವುದೇ ಅಪರೂಪ, ಓಡಿದರೆ ನಿಲ್ಲುತ್ತಿರಲಿಲ್ಲ. ಯಾದಗಿರಿಯಲ್ಲಿ ಮಗಳ ಮನೆಯ ಮಾಲಕರ ಹತ್ತಿರ ಅವನು ಒಂದು ಖುರ್ಚಿ ಪಾಯಖಾನೆ ನೋಡಿದ್ದ. ಮೊಣಕಾಲು ಮಡಚುವ ಹಾಗೇ ಇಲ್ಲ, ರಾಜನ ಹಾಗೆ ಕೂರುವುದು. ಅಕ್ಕನಿಗೆಂದು ಅದನ್ನೇ ಕಟ್ಟಿಸಿಬಿಟ್ಟರೆ, ನೆಲ್ಲಿನ ದುಡ್ಡಿನ ಮಹಿಮೆ ಏನೆಂದು ಅಕ್ಕ ಅದರ ಮೇಲೆ ಕೂತೇ ತಿಳಿದುಕೊಳ್ಳುತ್ತಾಳೆ. ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಟ್ರ್ಯಾಕ್ಟರಿನಲ್ಲಿ ನೆಲ್ಲುಹುಲ್ಲಿನ ನಡುವೆ ಮಲಗಿಸಿಕೊಂಡು ಆ ಬಿಳಿಯ ಸಾಮಾನನ್ನು ತಂದಿಳಿಸಿದ.

ಪಕ್ಕದ ಮನೆಯ ದೇವಕಮ್ಮ ಅದರ ಸುತ್ತ ಎರಡು ಸುತ್ತು ಬಂದು, "ಛಲೋ ಅದರಿ. ಇದರಾಗ ಎತ್ತಿಗೆ ನೀರು ಕುಡಿಸ್ತೀರೇನು?" ಎಂದು ಕೇಳಿದಳು. ಏನೆಂದು ತಿಳಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಮತ್ತೆ ಬಂದಳು. ಅಲ್ಲಿಂದ ನಾಲ್ಕು ದಿನ ನೀಲಕಂಠನಿಗೆ ಬೇರೆ ಕೆಲಸವಿರಲಿಲ್ಲ. ಬಂದವರಿಗೆಲ್ಲ ಧೋತರ ಉಟ್ಟುಕೊಂಡೇ ಅದರ ಮೇಲೆ ಕೂತು, ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂದು ತೋರಿಸುವುದೇ ಕೆಲಸ. ಗೊಲ್ಲಾಳಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿ, "ಮದಿವ್ಯಾಗೂ ಇಷ್ಟು ಠೀವಿಲೆ ಕುಂತಿರಲಿಲ್ಲ ಇವರು," ಎಂದಳು.

ಕಟ್ಟಲು ಬಂದವನು ಶಹಾಪುರದ ಗೌಂಡಿ ಮೈನುದ್ದೀನ. ಕೈ ಒಳ್ಳೆಯದು, ಮಾತು ಕಡಿಮೆ. ಆದರೆ ಇಂಥದ್ದನ್ನು ಅವನೂ ಕೂರಿಸಿದವನಲ್ಲ. ಗೋಡೆ ಎದ್ದ ಮೇಲೆ ಅಳತೆಗೆಂದು ಕೂತು ನೋಡಿದರೆ ಮೊಣಕಾಲು ಬಾಗಿಲಿಗೆ ಬಡಿಯುತ್ತಿತ್ತು. ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿ ಹಾಕಿದ. ಗುಂಡಿ ಮುಚ್ಚಿ, ನೆಲಕ್ಕೆ, ಗೋಡೆಗೆ ಸಿಮೆಂಟಿನ ಗಿಲಾವು ಮಾಡಿ ಮುಗಿಸಿದಾಗ ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು.

"ನೀಲಕಂಠಪ್ಪಾರ, ಇನ್ನ ಇದಕ್ಕ ನೀರು ಉಣಿಸಬೇಕ್ರಿ. ಎರಡು ದಿನ ಹಸಿ ಆರಬಾರದು. ಇಲ್ಲಂದ್ರ ಬಿರುಕು ಬಿಡ್ತದ," ಎಂದು ಹೇಳಿ, ಹಬ್ಬದ ಊಟಕ್ಕೆ ಬರುತ್ತೇನೆಂದು ಮೈನುದ್ದೀನ ಹೋದ.

ಬೋರಿಂಗು ಇದ್ದದ್ದು ಊರಬಾಗಿಲ ಅಗಸಿಯ ಹತ್ತಿರ. ಕೊಡ ಹೊತ್ತು ತರಬೇಕು. ಆದರೆ ನೆಲ್ಲಿನ ರೈತನಿಗೆ ಕೊಡ ಹೊರುವುದೆಂದರೆ ಅವಮಾನ, ಅವನು ನೀರನ್ನು ಕಾಲಿಂದ ನಡೆಸಿಕೊಂಡು ಬರುವವನು. ಹಿತ್ತಲ ಅಂಚಿನಲ್ಲೇ ಹೊಲಗಾಲುವೆ, ಅವತ್ತಿನಿಂದ ಅವನದೇ ಪಾಳಿ. ನೀಲಕಂಠ ಸಲಿಕೆ ತಗೊಂಡು ಒಡ್ಡಿಗೆ ಒಂದು ಕಡಿ ಹಾಕಿದ. ನೀರು ಬಂದು ಪಾಯಖಾನೆಯ ಪಕ್ಕದ ತಗ್ಗಿನಲ್ಲಿ ಮೊಣಕಾಲುದ್ದ ನಿಂತಿತು. ಒಂದು ಡಬ್ಬಿಯಿಂದ ಅದನ್ನೇ ತುಂಬಿ ಗೋಡೆಗೆ ಎರಚು ಎಂದು ಹೆಂಡತಿಗೆ ತೋರಿಸಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಹೊರಡುವ ಮುಂಚೆ ಒಡ್ಡು ಕಟ್ಟಿದರಾಯಿತು ಎಂದುಕೊಂಡ. ಆಮೇಲೆ ಸುರಪುರದ ಬಸ್ಸಿನ ಹಾರ್ನು ಕೇಳಿಸಿತು. ಅಕ್ಕನನ್ನು ಕರೆಯಲು ಹೋಗಬೇಕಲ್ಲ. ಓಡಿದ.

ಗೊಲ್ಲಾಳಮ್ಮನಿಗೆ ಆ ಎರಡು ದಿನ ಹಿತ್ತಲು ನೋಡಲು ಪುರುಸೊತ್ತಿರಲಿಲ್ಲ. ದೇವಕಮ್ಮನನ್ನು ಕೂರಿಸಿಕೊಂಡು ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿದು ಬುಟ್ಟಿ ತುಂಬಿದಳು, ಶೇಂಗಾ ಹೋಳಿಗೆ ಮಾಡಿದಳು, ಕಡುಬಿಗೆ ಹಿಟ್ಟು ಬೀಸಿ ತಂದಳು. ಬೆಳಿಗ್ಗೆ ಸಂಜೆ ಪಾಯಖಾನೆಯ ಬಾಗಿಲಲ್ಲೇ ನಿಂತು ನಾಲ್ಕು ಡಬ್ಬಿ ನೀರನ್ನು ಗೋಡೆಗೆ ಎರಚಿ, ಅದಕ್ಕೆ ನಾಲ್ಕು ಬೈಗುಳ ಕೊಟ್ಟು ಒಳಗೆ ಹೋಗುತ್ತಿದ್ದಳು. ಅಲ್ಲಿ ನಿಂತ ನೀರು ಎಷ್ಟು ಮೊಗೆದರೂ ಕಡಿಮೆಯಾಗುತ್ತಿಲ್ಲವಲ್ಲ ಎಂಬುದು ಆಕೆಯ ತಲೆಗೆ ಬರಲಿಲ್ಲ. ಆಕೆಯ ತಲೆ ತುಂಬ ಭಾಗಮ್ಮ ಇದ್ದಳು. ಅಕ್ಕ ಹೂಂ ಅಂದರೆ ಹೊಲ ಉಳಿಯಿತು, ಊಹೂಂ ಅಂದರೆ ಹೋಯಿತು. ಅಕ್ಕನಿಗೆ ಬಜ್ಜಿ ಬಹಳ ಸೇರುತ್ತದೆ. ಹತ್ತು ತರದ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿಯಲ್ಲೇ ಅಕ್ಕನನ್ನು ಗೆಲ್ಲುತ್ತೇನೆ ಎಂದು ಆಕೆ ನಂಬಿದ್ದಳು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಬಜ್ಜಿಗೆ ಕಡಲೆಸೊಪ್ಪು ಚಿವುಟಲು ಬುಟ್ಟಿ ಹಿಡಿದು ಹೊಲಕ್ಕೆ ಹೋದಳು. ಮೊದಲ ಹೆಜ್ಜೆಗೆ ಪಾದ ಹೋಯಿತು. ಎರಡನೆಯ ಹೆಜ್ಜೆಗೆ ಮೀನಖಂಡ ಹೋಯಿತು. ಮೂರನೆಯ ಹೆಜ್ಜೆ ಆಕೆ ಇಡಲಿಲ್ಲ.

ಎರೆ ಮಣ್ಣು ಒಣಗಿದ್ದರೆ ಕಲ್ಲು, ನೀರು ಕುಡಿದರೆ ಅಂಟು. ಎರಡು ದಿನ, ಎರಡು ರಾತ್ರಿ ಹಿತ್ತಲ ತಗ್ಗು ತುಂಬಿ ಹರಿದ ಕಾಲುವೆ ಆ ಇಪ್ಪತ್ತು ಗುಂಟೆಯನ್ನು ಕಲಸಿಟ್ಟಿತ್ತು. ಹಾಲುಗಾಳು ಕಟ್ಟುತ್ತಿದ್ದ ಜೋಳ ಅರ್ಧಕ್ಕರ್ಧ ಬಾಗಿ ಮಲಗಿತ್ತು. ಬನ್ನಿಯ ಬುಡದ ಐದು ಕಲ್ಲುಗಳಲ್ಲಿ ಎರಡು ಮಾತ್ರ ಕಾಣುತ್ತಿದ್ದವು. ಗೊಲ್ಲಾಳಮ್ಮ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ನಾಳೆ ಮೂವತ್ತು ಮಂದಿ ಬರುತ್ತಾರೆ, ಅವರಲ್ಲಿ ಮೊಣಕಾಲಿಲ್ಲದ ಒಬ್ಬಾಕೆ ತೀರ್ಪು ಕೊಡಲು ಬರುತ್ತಾಳೆ, ಕೂರಿಸಲು ಒಂದು ಮಣೆಯಷ್ಟು ಒಣ ನೆಲವಿಲ್ಲ. ಸಲಿಕೆ ತಂದು ಒಡ್ಡಿನ ಕಡಿಗೆ ಎರಡು ಗೋಣಿಚೀಲ ತುರುಕಿ ಮೇಲೆ ಮಣ್ಣು ಹಾಕಿದಳು. ಸಂದಿಯಿಂದ ನೀರು ಇನ್ನೂ ಜಿನುಗುತ್ತಲೇ ಇತ್ತು.

ಕೈಕಾಲು ತೊಳೆಯುತ್ತಿರುವಾಗಲೇ ಮುಂದಿನ ಬಾಗಿಲಲ್ಲಿ ಟಂಟಂ ಆಟೊ ಬಂದು ನಿಂತಿತು. ಭಾಗಮ್ಮ ಇಳಿದಳು. ಇಳಿದಳು ಎನ್ನುವುದಕ್ಕಿಂತ ನೀಲಕಂಠನೂ ಡ್ರೈವರನೂ ಸೇರಿ ಇಳಿಸಿದರು. ಕೊಡೇಕಲ್‌ನಿಂದ ಸುರಪುರದವರೆಗೂ ಕಾಲು ಚಾಚಲು ಬೇಕೆಂದು ಬಸ್ಸಿನ ಇಂಜಿನ್ ಡಬ್ಬಿಯ ಮೇಲೆ ಕೂತಿದ್ದಳಂತೆ. ದಾರಿಯುದ್ದಕ್ಕೂ ಬಸ್ಸಿನ ಡ್ರೈವರನಿಗೆ ಎಡಕ್ಕ ತಗೋ, ಬಲಕ್ಕ ತಗೋ ಎಂದು ಹೇಳಿಕೊಡುತ್ತ ಬಂದು, ಇಳಿಯುವಾಗ "ಇನ್ನ ಕಲೀಬೇಕು ನೀ" ಎಂದು ಬುದ್ಧಿ ಹೇಳಿದ್ದಳಂತೆ. ಈಗ ಕೈಚೀಲವನ್ನು ಹೊಸ್ತಿಲ ಹೊರಗಿಟ್ಟು, ಬಡಿಗೆ ಊರಿ ಹಿತ್ತಲ ಕಡೆ ತಿರುಗಿದಳು.

ಗೊಲ್ಲಾಳಮ್ಮ ಒದ್ದೆ ಕಾಲಲ್ಲೇ ಓಡಿ ಬಂದು ಅಡ್ಡ ನಿಂತಳು. "ಅಕ್ಕಾರ, ಹೊಲ ಎಲ್ಲಿಗಿ ಹೋಗ್ತದ? ನಾಳಿ ನೋಡೀರಂತ. ಮೊದಲ ನಿಮ್ಮ ತಮ್ಮ ನಿಮ್ಮ ಸಲುವಾಗಿ ಏನ್ ಕಟ್ಟಿಸ್ಯಾರ ನೋಡ ಬರ್ರಿ. ಯಾದಗಿರ್ಯಾಗೂ ಇಂಥದ್ದು ಎಲ್ಲಾರ ಮನ್ಯಾಗ ಇಲ್ಲ. ಏನು ಖುರ್ಚಿ, ಏನು ಬಿಳುಪು, ಏನು ನುಣುಪು ಅಂತೀರಿ."

ನೀಲಕಂಠ ಬಾಯಿ ತೆರೆದು ನಿಂತ. ಹತ್ತು ದಿನದಿಂದ ಅದಕ್ಕೆ ಶಾಪ ಹಾಕುತ್ತಿದ್ದ ಹೆಂಡತಿ ಇವಳೇ ಹೌದೋ ಅಲ್ಲವೋ ಎಂದು ನೋಡಿದ. ಭಾಗಮ್ಮ ಕಲ್ಲುಹಾಸಿನ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಗೊಲ್ಲಾಳಮ್ಮ ಗಂಡನ ತೋಳು ಹಿಡಿದು ಹಿತ್ತಲ ಅಂಚಿಗೆ ಎಳೆದೊಯ್ದು ಹೊಲ ತೋರಿಸಿದಳು.

"ಬೇಕಂತ ಮಾಡೀರೇನು?"

ನೀಲಕಂಠನ ಮುಖದ ಬಣ್ಣ ಇಳಿಯಿತು. "ಒಡ್ಡು," ಎಂದ. ಮತ್ತೆ "ಒಡ್ಡು" ಎಂದ. "ಬಸ್ಸು ಬಂತು. ಮರ್ತೆ. ದೇವರಾಣಿ ಮರ್ತೆ, ಗೊಲ್ಲಾಳಿ."

ಆಕೆ ನಂಬಿದಳು. ಇವನ ಮೇಲೆ ಕುತಂತ್ರದ ಆರೋಪ ಹೊರಿಸಿ ಏನು ಪ್ರಯೋಜನ, ಕುತಂತ್ರಕ್ಕೂ ನೆನಪಿನ ಶಕ್ತಿ ಬೇಕಾಗುತ್ತದೆ. ಅವನು ಬೆವರುತ್ತಿದ್ದುದನ್ನು ನೋಡಿ ಆಕೆಗೆ ಸ್ವಲ್ಪ ಕನಿಕರವೂ ಆಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಭಾಗಮ್ಮ ಹೊರಗೆ ಬಂದಾಗ ಇಬ್ಬರೂ ಏನೂ ಆಗದವರ ಹಾಗೆ ಬಾಗಿಲಲ್ಲಿ ನಿಂತಿದ್ದರು. ಆಕೆ ಖುರ್ಚಿಯ ಬಗ್ಗೆ ಛಲೋ ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. "ಚಾ ಇಡವ್ವಾ," ಎಂದಳು, ಅಷ್ಟೇ.

ಬೆಳಗಾಯಿತು. ಮಂದಿ ಬರತೊಡಗಿದರು. ಮುಚ್ಚಿಡುವ ಹಾಗಿರಲಿಲ್ಲ. ಭಾಗಮ್ಮ ಹಿತ್ತಲ ಕಟ್ಟೆಯ ಮೇಲೆ ನಿಂತು ಹೊಲವನ್ನು ನೋಡಿದಳು. ವಡಗೇರಾದ ಮೈದುನ, ಮನೆಯ ಅಂಗಳದಲ್ಲೇ ಉಂಡರಾಯಿತು ಎಂದ. ಯಾದಗಿರಿಯ ಅಳಿಯ ಮಾಸ್ತರ, ಹಬ್ಬಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಸಾಲೆಯಲ್ಲಿ ಹೇಳುವ ದನಿಯಲ್ಲಿ ಹೇಳಿದ. ಗೊಲ್ಲಾಳಮ್ಮ ಅಳಿಯನಿಗೆ ಏನನ್ನೂ ಅನ್ನುವ ಹಾಗಿರಲಿಲ್ಲ, ಆದ್ದರಿಂದ ಕೈಯಲ್ಲಿದ್ದ ಸೌಟನ್ನು ಕುಕ್ಕಿ ಇಟ್ಟಳು.

"ನಾ ಕೊಡೇಕಲ್‌ನಿಂದ ಅಂಗಳದಾಗ ಉಣ್ಣಾಕ ಬಂದಿಲ್ಲ," ಎಂದಳು ಭಾಗಮ್ಮ. "ಹೊರಸು ತರ್ರಿ."

ಹಗ್ಗ ಹೆಣೆದ ಹೊರಸು ಮಂಚ ಬಂತು. ಭಾಗಮ್ಮ ಅದರ ನಡುವೆ ಕಾಲು ಚಾಚಿ ಕೂತು, ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಎತ್ತಲು ನಾಲ್ಕು ಮಂದಿ: ನೀಲಕಂಠ, ಮೈದುನ, ಊಟಕ್ಕೆಂದು ಬಂದು ಸಿಕ್ಕಿಬಿದ್ದ ಮೈನುದ್ದೀನ, ಹೊಸ ಇಸ್ತ್ರಿ ಪ್ಯಾಂಟಿನ ಮಾಸ್ತರ. ಹಿಂದೆ ಅಡಿಗೆಯ ಬುಟ್ಟಿಗಳು, ಅದರ ಹಿಂದೆ ಹೆಂಗಸರು, ಎಲ್ಲರಿಗಿಂತ ಹಿಂದೆ ಪಕ್ಕದ ಹೊಲದ ಸಾಬಣ್ಣ ಮುದುಕ, ಎಂಬತ್ತರ ಮೇಲಿನವನು. ಮೆರವಣಿಗೆ ಹಿತ್ತಲು ದಾಟಿ ಕೆಸರಿಗೆ ಇಳಿಯಿತು. ಹತ್ತು ಹೆಜ್ಜೆಗೆ ಮಾಸ್ತರನ ಬೂಟು ಹೋಯಿತು. ಅದನ್ನು ಹುಡುಕಲು ಅವನು ಬಗ್ಗಿದ್ದೇ ತಡ, ಹೊರಸು ಒಂದು ಕಡೆ ವಾಲಿತು.

"ಬೂಟು ನಾಳಿ ಸಿಗ್ತದ, ನಾ ಬಿದ್ರ ಏಳಂಗಿಲ್ಲ. ನಡೀರಿ," ಎಂದಳು ಭಾಗಮ್ಮ ಮೇಲಿಂದ.

ಬನ್ನಿಗಿಡ ಇನ್ನೂ ಹದಿನೈದು ಮಾರು ಇರುವಾಗ ನಾಲ್ವರ ಕಾಲೂ ಒಟ್ಟಿಗೇ ಹೂತವು. ಹಿಂದಕ್ಕೆ ಹೋಗಲಾರರು, ಮುಂದಕ್ಕೆ ಹೋಗಲಾರರು. ಮೈನುದ್ದೀನ ಬೆಳಿಗ್ಗೆಯಿಂದ ಮೊದಲ ಸಲ ಬಾಯಿ ಬಿಟ್ಟು, "ಇಳಸ್ರಿ ಇಲ್ಲೇ, ಬುನಾದಿ ತಾನಾ ಆಗ್ತದ," ಎಂದ. ಇಳಿಸಿದರು. ಹೊರಸಿನ ನಾಲ್ಕು ಕಾಲು ಸಲೀಸಾಗಿ ಕೆಸರಿಗಿಳಿದು ಗಟ್ಟಿಯಾಗಿ ನಿಂತವು. ಸುತ್ತ ಬಾಗಿದ ಜೋಳ, ನಡುವೆ ಹೊರಸಿನ ಮೇಲೆ ಭಾಗಮ್ಮ. ನೀಲಕಂಠ ಬನ್ನಿಯ ಬುಡದ ಕೆಸರಲ್ಲಿ ಕೈಹಾಕಿ ತಡಕಿ ಐದು ಕಲ್ಲನ್ನೂ ಹೆಕ್ಕಿ ತಂದ. ಅವನ್ನು ಹೊರಸಿನ ಕಾಲುಗಡೆ ಸಾಲಾಗಿಟ್ಟು, ವಿಭೂತಿ ಹಚ್ಚಿ, ಎಡೆ ಹಿಡಿದು ಪೂಜೆ ಮಾಡಿದರು. ಚರಗ ಚೆಲ್ಲಲು ನೀಲಕಂಠನೇ ಹೋದ. ಕೂಗುತ್ತ ಚೆಲ್ಲುತ್ತ ಹೊಲದ ಸುತ್ತ ಹೋಗಿ ಬರುವಷ್ಟರಲ್ಲಿ ಮೂರು ಸಲ ಬಿದ್ದ. ಮೂರನೆಯ ಸಲ ಬಿದ್ದಲ್ಲಿಂದಲೇ ಕೂಗಿದ. ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತಿದ್ದ ಮೈದುನ, "ಭೂಮಿತಾಯಿ ಈ ವರ್ಷ ಅಣ್ಣನ್ನ ಉಣ್ಣಾಕತ್ಯಾಳ," ಎಂದಾಗ ದೇವಕಮ್ಮ ನಕ್ಕು ನಕ್ಕು ಬುಟ್ಟಿ ಹಿಡಿದುಕೊಂಡೇ ಕೂತಳು, ಕೂತದ್ದು ಕೆಸರಲ್ಲಿ.

ಊಟ ಹೊರಸಿನ ಸುತ್ತ ನಡೆಯಿತು. ಬುಟ್ಟಿಗಳೆಲ್ಲ ಭಾಗಮ್ಮನ ಅಕ್ಕಪಕ್ಕ, ಮಂದಿ ಕೆಸರಲ್ಲಿ ನಿಂತು ಕೈಯಲ್ಲೇ ರೊಟ್ಟಿ, ರೊಟ್ಟಿಯ ಮೇಲೇ ಬಜ್ಜಿ. ಯಾರೂ ಕಡಿಮೆ ಉಣ್ಣಲಿಲ್ಲ. ಗೊಲ್ಲಾಳಮ್ಮನ ಕಣ್ಣು ಮಾತ್ರ ಭಾಗಮ್ಮನ ಬಾಯಿಯ ಮೇಲಿತ್ತು. ಅಕ್ಕ ಎರಡು ಸಲ ಬಜ್ಜಿ ಹಾಕಿಸಿಕೊಂಡಳು. ಮೂರನೆಯ ಸಲವೂ ಹಾಕಿಸಿಕೊಂಡಳು. ಆಮೇಲೆ ಕಡುಬಿಗೆ ಕೈ ಹಾಕಿದಳು.

ನೀಲಕಂಠನಿಗೆ ತಡೆಯಲಾಗಲಿಲ್ಲ. "ಅಕ್ಕಾ, ನೀರು ಬಿಟ್ಟಾವ ನಾನ. ಒಡ್ಡು ಕಟ್ಟೂದು ಮರ್ತೆ, ತಪ್ಪು ನಂದ," ಎಂದು ಎಲ್ಲರ ಮುಂದೆ ಒಪ್ಪಿಕೊಂಡ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಆದ್ರ ಒಂದು ನೋಡು. ಎರಡು ದಿನಕ್ಕ ಎಷ್ಟು ಛಲೋ ನೀರು ಹಿಡದದ ಈ ನೆಲ. ನೆಲ್ಲಿಗೆ ಹೇಳಿ ಮಾಡಿಸಿದಂಗ ಅದ."

ಗೊಲ್ಲಾಳಮ್ಮ ಬಾಯಿ ತೆರೆದಳು. ಭಾಗಮ್ಮ ಕಡುಬು ಹಿಡಿದ ಕೈ ಎತ್ತಿ ತಡೆದಳು.

"ನೀಲ್ಯಾ, ಈ ಹೊಲ ಯಾರದು?"

"ನಮ್ದು."

"ನಮ್ದು ಅಂದ್ರ?"

"ಪಹಣಿಯಾಗ ನನ್ನ ಹೆಸರದ ಅಕ್ಕಾ."

"ಪಹಣಿ ಬರ್ದಾವ ನಮ್ಮಪ್ಪನ್ನ ಕೇಳಿ ಬರ್ದಾನೇನು?" ಭಾಗಮ್ಮ ಕಡುಬನ್ನು ಗಂಗಾಳದಲ್ಲಿಟ್ಟಳು. "ನನ್ನ ಮದಿವ್ಯಾಗ ನೀ ನಾಕು ವರ್ಷದಾವ, ನಿನಗೇನು ನೆನಪಿರತದ. ಗಂಡನ ಮನಿಗೆ ಬಂಡಿ ಹತ್ತಸೂ ಮುಂದ ಅಪ್ಪ ನನ್ನ ಆ ಬನ್ನಿ ಬುಡಕ್ಕ ನಿಂದ್ರಿಸಿ, ಇದೇ ಹೊಲದ ಮಣ್ಣು ಐದು ಹಿಡಿ ನನ್ನ ಉಡ್ಯಾಗ ಹಾಕಿದ. ಇದು ನಿನ್ನ ಅರಿಶಿಣ ಕುಂಕುಮಕ್ಕವ್ವಾ ಅಂದ. ಬೇಕಾದ್ರ ಸಾಬಣ್ಣ ಕಾಕಾನ್ನ ಕೇಳ್ರಿ."

ಎಲ್ಲರೂ ಸಾಬಣ್ಣನ ಕಡೆ ತಿರುಗಿದರು. ಮುದುಕನ ಬಾಯಲ್ಲಿ ಹೋಳಿಗೆ ಇತ್ತು. ಅವನಿಗೆ ಹಲ್ಲಿಲ್ಲ, ಅವಸರವೂ ಇಲ್ಲ. ನುಂಗಿ ಮುಗಿಸಿ, "ಹೌದು. ಬಂಡಿ ಹೊಡದಾವ ನಾನ," ಎಂದ.

ನೀಲಕಂಠ ಕೆಸರಲ್ಲಿ ನಿಂತವನು ಇನ್ನೂ ಒಂದು ಗೇಣು ಇಳಿದಂತೆ ಕಂಡ. "ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರ ನೀ ಕೊಟ್ಟ ಬಿಡ್ತಿದ್ದಿ. ತಗೊಂಡು ನಾ ಏನ್ ಮಾಡ್ಲಿ? ಕೊಡೇಕಲ್‌ಗೆ ಹೊತ್ಕೊಂಡು ಹೋಗ್ಲೇನು? ವರ್ಷಕ್ಕೊಮ್ಮಿ ಬಂದು ಕುಂತು, ಒಂದು ಚೀಲ ಜ್ವಾಳ ಒಯ್ದೆ, ನಂಗ ಅಷ್ಟ ಸಾಕಾಗಿತ್ತು." ಭಾಗಮ್ಮ ಬಡಿಗೆಯಿಂದ ಗೊಲ್ಲಾಳಮ್ಮನನ್ನು ಹತ್ತಿರ ಕರೆದಳು. "ನಾ ಬರದಿದ್ದ ಮೂರು ವರ್ಷನೂ ಈಕಿ ಚೀಲ ತಪ್ಪಿಸಿಲ್ಲ. ನನ್ನ ಹೊಲ ಅಂತ ಗೊತ್ತಿಲ್ದನ ನನ್ನ ಹೊಲ ಕಾದಾಳ. ಬಾರವ್ವಾ ಗೊಲ್ಲಾಳಿ, ಉಡಿ ಹಿಡಿ."

ಹಬ್ಬದ ಉಡಿ ತುಂಬುತ್ತಾಳೇನೋ ಎಂದು ಗೊಲ್ಲಾಳಮ್ಮ ಸೆರಗು ಒಡ್ಡಿದಳು. ಭಾಗಮ್ಮ ಹೊರಸಿನಿಂದ ಕೆಳಗೆ ಬಗ್ಗಿದಳು. ಕೈ ನೆಲಕ್ಕೆ ಎಟುಕಲಿಲ್ಲ. ಮೊಣಕಾಲು ಹಿಡಿದು "ಯವ್ವಾ" ಎಂದು ನೆಟ್ಟಗಾಗಿ, "ನೀಲ್ಯಾ, ಮಣ್ಣು ಎತ್ತಿ ಕೊಡು," ಎಂದಳು.

ನೀಲಕಂಠ ಬಗ್ಗಿ ಒಂದು ಹಿಡಿ ಕೆಸರು ಎತ್ತಿ ಅಕ್ಕನ ಕೈಗೆ ಕೊಟ್ಟ. ಅಕ್ಕ ಅದನ್ನು ಗೊಲ್ಲಾಳಮ್ಮನ ಉಡಿಗೆ ಹಾಕಿದಳು. "ಇನ್ನೊಂದು." ಐದು ಸಲ ಅವನು ಬಗ್ಗಿದ, ಐದು ಸಲ ಎದ್ದ. ಕೊನೆಗೆ ಭಾಗಮ್ಮ ಕೈಗೆ ಸಿಕ್ಕ ಒಂದು ಬಾಗಿದ ತೆನೆ ಮುರಿದು ಆ ಮಣ್ಣಿನ ಮೇಲಿಟ್ಟಳು. "ನಮ್ಮಪ್ಪ ನಂಗ ಕೊಟ್ಟ, ನಾ ನಿಂಗ ಕೊಟ್ಟೆ. ನೀಲ್ಯಾ, ಹಬ್ಬ ಮುಗದ ಮರುದಿನ ಶಹಾಪುರಕ್ಕ ಹೋಗಿ ಪಹಣಿಯಾಗ ಈಕಿ ಹೆಸರು ಬರಸಿ ಬಾ. ಹೆಂಗೂ ಆ ಬಸ್ಸು ನಿಂಗ ರೂಢಿ ಅದ."

ಗೊಲ್ಲಾಳಮ್ಮನ ಹೊಸ ಇಳಕಲ್ ಸೀರೆಯ ಉಡಿಯಿಂದ ಕೆಸರು ನೀರು ಸೋರುತ್ತಿತ್ತು. ಸೀರೆ ಹೋಯಿತು ಎಂದು ದೇವಕಮ್ಮ ಮಾತ್ರ ಲೊಚಗುಟ್ಟಿದಳು. ಗೊಲ್ಲಾಳಮ್ಮನಿಗೆ ಅಳು ಬಂತು. ಸಣ್ಣಗೆ ಅಳುವವಳಲ್ಲ ಆಕೆ, ಬೈಯುವಷ್ಟೇ ದೊಡ್ಡ ದನಿಯಲ್ಲಿ ಅತ್ತಳು. ಅತ್ತಿತ್ತ ಉಣ್ಣುತ್ತಿದ್ದವರ ಕೈ ನಿಂತವು. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು. ಬಿಡಲು ಮನಸ್ಸಿರಲಿಲ್ಲ. ಮುಖವನ್ನು ತೋಳಿಗೇ ಒರೆಸಿಕೊಂಡಳು.

ನೀಲಕಂಠ ಮೆಲ್ಲಗೆ ಕೇಳಿದ. "ಹಂಗಾದ್ರ ಅಕ್ಕಾ, ಯಂತ್ರದಾವಗ ಏನ್ ಹೇಳ್ಲಿ?"

"ನನ್ನ ಯಾಕ ಕೇಳ್ತಿ? ಹೊಲದಾಕಿ ಇಲ್ಲೇ ನಿಂತಾಳ, ಕೇಳು."

ಇಪ್ಪತ್ತೇಳು ವರ್ಷದಲ್ಲಿ ನೀಲಕಂಠ ಹೆಂಡತಿಯನ್ನು ಹೊಲದ ಬಗ್ಗೆ ಒಂದು ಮಾತೂ ಕೇಳಿದವನಲ್ಲ. ಈಗ ತಿರುಗಿ ನಿಂತ. ಮೂವತ್ತು ಮಂದಿ ನೋಡುತ್ತಿದ್ದರು.

"ಯಂತ್ರದ ಮಾತು ಆಮ್ಯಾಲ," ಎಂದಳು ಗೊಲ್ಲಾಳಮ್ಮ, ಮೂಗೆಳೆದುಕೊಂಡು. "ಮೊದಲ ಹೋಗಿ ಆ ನೀರು ಕಟ್ಟಿ ಬರ್ರಿ. ಇನ್ನೂ ಬರಾಕತ್ತದ."

ನೀಲಕಂಠ ಕಾಲು ಕಿತ್ತುಕೊಂಡು ಒಡ್ಡಿನ ಕಡೆ ಹೊರಟ. ನಾಲ್ಕು ಹೆಜ್ಜೆ ಹೋಗಿರಬಹುದು, ಹೊರಸಿನ ಮೇಲಿಂದ ಅಕ್ಕ ಕೂಗಿದಳು.

"ನೀಲ್ಯಾ, ನಂಗ ಆ ಖುರ್ಚಿಗೆ ಹೋಗಬೇಕಾಗ್ಯಾದ."

ಅವನು ನಿಂತ. ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮೊದಲು ಯಾವುದು ಎಂದು ತಿಳಿಯದೆ ಮತ್ತೆ ಅಕ್ಕನನ್ನೇ ನೋಡಿದ.

"ಹೊಲದಾಕಿ ಹೇಳ್ಯಾಳಲ್ಲ, ಮೊದಲ ನೀರು ಕಟ್ಟು," ಎಂದಳು ಭಾಗಮ್ಮ ಮೊಣಕಾಲು ಒತ್ತಿಕೊಳ್ಳುತ್ತ. "ನಾ ತಡಕೋತೀನಿ."